ಮಂಜುಗಡ್ಡೆಯ ಲೆಕ್ಕ

ಗ್ಯಾರೇಜಿನ ಗೂಟಕ್ಕೆ ಇನ್ನೂ ತೂಗುತ್ತಿದೆ ಅಪ್ಪನ ಬೈರಿಗೆ.
ಎಂಟಿಂಚಿನ ಅಲಗು, ಎಣ್ಣೆ ಒರೆಸಿಟ್ಟದ್ದು.
ಹಿಡಿಗೆ ಸುತ್ತಿದ ಕಪ್ಪು ಟೇಪು
ಅವನ ಹೆಬ್ಬೆರಳಿನ ಜಾಗದಲ್ಲಿ ಮಾತ್ರ ನುಣುಪು.
ಅದೊಂದನ್ನು ಮಾರಬೇಡಿ, ಅಂದಳು ಅಮ್ಮ,
ಉಳಿದದ್ದು ಯಾರಿಗೆ ಬೇಕೋ ಕೊಡಿ:
ದೋಣಿ, ಬಂದೂಕು, ಹಿಮದ ಮೇಲೆ ನಡೆಯುವ ಬುಟ್ಟಿಮೆಟ್ಟು,
ಕಾಫಿ ಡಬ್ಬದ ತುಂಬ ಅವನೇ ಕೂತು ಕಟ್ಟಿದ
ಗಾಳದ ನೊಣಗಳು.

ಡಬ್ಬದ ಹಿಂದೆ ಸಿಕ್ಕಿತು ಈ ಪುಸ್ತಕ.
ಕಾಗದದ ಗಿರಣಿಯ ಹಾಜರಿ ಪುಸ್ತಕ, ಹಸಿರು ರಟ್ಟು,
ಮೊದಲ ಪುಟದಲ್ಲಿ ಹೆಸರು: ಔಲಿಸ್ ರಾಂತನೆನ್, ಎರಡನೇ ಪಾಳಿ.
ಎಪ್ಪತ್ತೆಂಟನೇ ಇಸವಿಯಿಂದ
ಚಳಿಗಾಲದ ಒಂದೊಂದು ಶನಿವಾರವೂ
ಮನೆ ಹಿಂದಿನ ಸರೋವರ ಎಷ್ಟು ಗಟ್ಟಿ ಎಂಬ ಲೆಕ್ಕ.

ಡಿಸೆಂಬರ್ ಎರಡು. ಎರಡೂವರೆ ಇಂಚು. ಬೇಡ.
ಡಿಸೆಂಬರ್ ಒಂಬತ್ತು. ನಾಲ್ಕು. ನಾನೊಬ್ಬನೇ.
ಡಿಸೆಂಬರ್ ಹದಿನಾರು. ಆರು. ಮಕ್ಕಳು ಬರಬಹುದು.
ಜನವರಿ ಆರು. ಹನ್ನೊಂದು. ಈಗ ವೆರ್ನಾ.

ಹನ್ನೊಂದು ಇಂಚಿನ ಮೇಲೆ ಕಾರು ಓಡಿಸುತ್ತಾರೆ ನಮ್ಮ ಕಡೆ.
ಅಮ್ಮ ತೂಗುತ್ತಿದ್ದದ್ದು ನೂರಿಪ್ಪತ್ತು ಪೌಂಡು.
ಆದರೆ ಒಂಬತ್ತನೇ ವಯಸ್ಸಿನಲ್ಲಿ ಅವಳು
ದಡದಲ್ಲಿ ನಿಂತು ನೋಡಿದ್ದಳು,
ಅವಳಣ್ಣನ ಕೆಂಪು ಟೋಪಿ
ಬಿರುಕಿನ ಅಂಚಿಗೆ ಸಿಕ್ಕಿಕೊಂಡು ಉಳಿದದ್ದನ್ನು.
ಅಪ್ಪ ಅದರ ಮಾತೆತ್ತಲಿಲ್ಲ. ಹೆದರಬೇಡ ಅನ್ನಲೂ ಇಲ್ಲ.
ಹತ್ತು ಹೆಜ್ಜೆಗೊಂದು ತೂತು ಕೊರೆದು,
ಕೋಲು ಇಳಿಸಿ ಅಳೆದು, ಅಂಕಿಯನ್ನು ಕೂಗಿ ಹೇಳುತ್ತಾ
ಮುಂದೆ ಹೋಗುತ್ತಿದ್ದ.
ಅವನ ಬೂಟಿನ ಗುರುತಲ್ಲೇ ಕಾಲಿಟ್ಟು ಅವಳು ಹಿಂದೆ.
ಆಮೇಲೆ ಬಕೆಟ್ ಬೋರಲು ಹಾಕಿ ಕೂತು
ದಡಕ್ಕೆ ಮುಖ ಮಾಡಿ ಕೈಗವಸು ಹೆಣೆಯುವಳು.
ಒಂದು ಮೀನೂ ಹಿಡಿದವಳಲ್ಲ.
ನಲವತ್ತಾರು ಚಳಿಗಾಲ, ಬೆನ್ನಿಗೆ ಬೆನ್ನು.

ನಾನು ಹುಟ್ಟಿದ ವಾರವೂ ಇದೆ ಇಲ್ಲಿ:
ಇಪ್ಪತ್ತೆರಡು ಇಂಚು. ಹೆಣ್ಣು, ಏಳು ಪೌಂಡು ಮೂರು ಔನ್ಸು.
ಅದರ ಕೆಳಗೇ, ಅದೇ ಶಾಯಿಯಲ್ಲಿ:
ಪೈಕ್ ಮೀನು, ಒಂಬತ್ತು ಪೌಂಡು.
ಅಣ್ಣ ರೂಡಿ ಓದಿ ಓದಿ ನಕ್ಕ,
ಸಾವಾದ ಮನೆಯಲ್ಲಿ ಅದು ಮೊದಲ ನಗು.

ನಡುವೆ ಒಂದು ವರ್ಷದ ಪುಟಗಳು ಮಾತ್ರ ಬೇರೆ ಥರ.
ಜನವರಿ, ಎರಡೂವರೆ. ಬೇಡ.
ಫೆಬ್ರವರಿ, ನಾಲ್ಕು. ನಾನೊಬ್ಬನೇ.
ಮಾರ್ಚ್, ಆರು. ಮಕ್ಕಳು ಬರಬಹುದು.
ನಡುಚಳಿಗಾಲದಲ್ಲಿ ಇಷ್ಟು ತೆಳುವೇ, ಅಂದುಕೊಂಡೆ.
ಆಮೇಲೆ ಇಸವಿ ನೋಡಿದೆ.
ಅಮ್ಮ ನೂರು ಮೈಲಿ ಆಚೆಯ ಆಸ್ಪತ್ರೆಯಲ್ಲಿದ್ದ ವರ್ಷ,
ಗಾಜಿನ ಬಾಗಿಲಾಚೆ, ತಲೆಗೂದಲಿಲ್ಲದೆ,
ನರ್ಸು ದಿನಾ ಬೆಳಿಗ್ಗೆ ಬಿಳಿ ರಕ್ತಕಣದ ಸಂಖ್ಯೆ ಹೇಳುತ್ತಿದ್ದ ವರ್ಷ.
ಆ ಚಳಿಗಾಲ ಬೈರಿಗೆ ಗೂಟದಿಂದ ಇಳಿಯಲೇ ಇಲ್ಲ.
ಏಪ್ರಿಲ್ ಹೊತ್ತಿಗೆ ಮಂಜು ಒಡೆದು, ಲೂನ್ ಹಕ್ಕಿ ಬಂದು ಕೂಗಿ,
ಸರೋವರವೆಲ್ಲ ನೀರಾದ ಮೇಲೆ
ಒಂದೇ ಒಂದು ಸಾಲು, ಅಂಕಿ ಇಲ್ಲದ್ದು:
ಈಗ ವೆರ್ನಾ.

ಅವನು ಹೋದದ್ದು ನವೆಂಬರಿನಲ್ಲಿ.
ಕಾಡಿನಲ್ಲಲ್ಲ, ನೀರಿನಲ್ಲಲ್ಲ,
ಸೌನಾಕ್ಕೆ ಸೌದೆ ಒಟ್ಟುತ್ತಾ, ಕೊನೆಯ ಸಾಲಿಗೆ ನಾಲ್ಕು ತುಂಡು ಬಾಕಿ.
ಅಮ್ಮ ಆ ನಾಲ್ಕನ್ನೂ ಒಟ್ಟಿ
ಆಮೇಲೆ ನಮಗೆ ಫೋನು ಮಾಡಿದಳು.

ನಾನು ಹಿಂದಿರುಗಬೇಕಾದ ಶನಿವಾರ
ಬೆಳಗ್ಗೆ ಎದ್ದರೆ ಬಾಗಿಲ ಬಳಿ ಅವಳ ಬೂಟು ಒದ್ದೆ.
ಬೈರಿಗೆ ಗೂಟಕ್ಕೆ ತಲೆಕೆಳಗಾಗಿ ನೇತಾಡುತ್ತಿತ್ತು,
ಅಲಗಿನ ಸುರುಳಿಯಲ್ಲಿ ಇನ್ನೂ ಕರಗದ ಚೂರು.
ಅಮ್ಮ ಒಲೆ ಮುಂದೆ ಕಾಫಿ ಸೋಸುತ್ತಾ
ನನ್ನ ಕಡೆ ತಿರುಗಲಿಲ್ಲ.
ಮೇಜಿನ ಮೇಲೆ ಹಸಿರು ರಟ್ಟು ತೆರೆದಿತ್ತು.
ಅವನ ನೆಟ್ಟನೆ ಅಕ್ಷರಗಳ ಕೆಳಗೆ
ಅವಳ ಓರೆ ಅಕ್ಷರ:

ಡಿಸೆಂಬರ್ ಹದಿಮೂರು. ನಾಲ್ಕು. ನಾನೊಬ್ಬಳೇ.