ಏಳೂವರೆ

ಎಡಗಡೆ, ಕೆಳಗಿನ ಸಾಲಿನಲ್ಲಿ ಕೊನೆಯದರ ಪಕ್ಕದ್ದು.
ಬೇರಿನೊಳಗೆ ಕೆರೆದು, ಮದ್ದು ತುಂಬಿ, ಮೇಲೊಂದು ಟೋಪಿ ಕೂರಿಸಿ
ನಾಲ್ಕೂವರೆ ಸಾವಿರಕ್ಕೆ ರಸೀದಿ ಬರೆದರು.
ಜೋಮು ಸಂಜೆಯೊಳಗೆ ಇಳಿಯುತ್ತೆ ಅಂದರು.
ಇಳಿಯಿತು, ಒಂಬತ್ತನೇ ದಿನ.
ಅದು ಎದ್ದುಹೋದ ಜಾಗದಲ್ಲಿ ಮಿಂಚು ಬಂದು ಕೂತಿತು.

ನಾನು ಕೋಲಾರದ ಮಂಡಿಯಲ್ಲಿ ಟೊಮೆಟೊ ಸವಾಲು ಕೂಗುವವನು.
ಇಪ್ಪತ್ತಾರು ವರ್ಷ, ಕ್ರೇಟಿನ ಮೇಲೆ ಕ್ರೇಟು, ಅದರ ಮೇಲೆ ನಾನು,
ಹತ್ತು ಹತ್ತು ಹತ್ತು, ಇಪ್ಪತ್ತು ಯಾರು,
ಇಪ್ಪತ್ತು ಇನಾಯತ್, ಮೂವತ್ತು ಯಾರಣ್ಣ ಮೂವತ್ತು...
ಈ ಬಾಯಿಗೆ ಬ್ರೇಕು ಹಾಕಿದವರಿರಲಿಲ್ಲ.
ಈಗ ಹತ್ತು ಹೇಗೋ ದಾಟುತ್ತದೆ, ಅದು ನಾಲಿಗೆಯ ಕೆಲಸ.
ಇಪ್ಪತ್ತನ್ನು ಅರ್ಧ ನುಂಗುತ್ತೇನೆ.
ಮೂವತ್ತಕ್ಕೆ ತುಟಿ ಕೂಡಿಸಲೇಬೇಕು,
ಕೂಡಿದರೆ ಕಿವಿಯ ಬುಡದಿಂದ ಗಲ್ಲದ ತನಕ
ಯಾರೋ ಕಾದ ತಂತಿ ಸರ್ರನೆ ಎಳೆಯುತ್ತಾರೆ.
ಹಾಗಾಗಿ ಇಪ್ಪತ್ತರಿಂದ ನೇರ ನಲವತ್ತಕ್ಕೆ ಹಾರುತ್ತೇನೆ.
ಮುಳಬಾಗಿಲು ಕಡೆಯ ರೈತರು ನನ್ನ ಸರದಿಗೇ ಕಾದು
ಮಾಲು ಇಳಿಸತೊಡಗಿದರು.
ಇನಾಯತ್ ಬೈದ: ಏನ್ ಪಾಪಣ್ಣ, ಲೆಕ್ಕ ಮರೆತೆಯಾ?

ಹಲ್ಲಿನ ಡಾಕ್ಟರು ಫೋಟೊ ತೆಗೆದು ಬೆಳಕಿಗೆ ಹಿಡಿದರು.
ನೋಡಿ, ಎಷ್ಟು ಚೆನ್ನಾಗಿದೆ, ಅಂದರು.
ಚೆನ್ನಾಗಿತ್ತು. ನನಗೂ ಕಂಡಿತು.
ಡೂಂಲೈಟ್ ಸರ್ಕಲ್ಲಿನ ಹತ್ತಿರ ಇನ್ನೊಬ್ಬರ ಕಾಲು ಹಿಡಿದು
ಆ ಚೆನ್ನಾಗಿರುವ ಹಲ್ಲನ್ನೇ ಕೀಳಿಸಿದೆ.
ಟೋಪಿ ಸಮೇತ ಡಬ್ಬಿಯಲ್ಲಿ ಹಾಕಿಕೊಟ್ಟರು.
ಹಲ್ಲು ಡಬ್ಬಿಯಲ್ಲಿ, ನೋವು ಬಾಯಲ್ಲಿ.
ಖಾಲಿ ಕ್ರೇಟು ತಕ್ಕಡಿಗಿಟ್ಟರೆ
ಹದಿನೈದು ಕೇಜಿ ತೋರಿಸಿದ ಹಾಗೆ.

ಲವಂಗ ಆಯಿತು. ಸೀಬೆ ಎಲೆ ಆಯಿತು.
ಬೇತಮಂಗಲದಲ್ಲಿ ಒಬ್ಬ ಕಿವಿಗೆ ಹೊಗೆ ಹಿಡಿದು
ಹಲ್ಲಿನ ಹುಳ ಬಿತ್ತು ಅಂತ ಹತ್ತಿಯಲ್ಲಿ ಏನೋ ತೋರಿಸಿದ.
ಅಲುಮೇಲಮ್ಮ ಬೆರಳಲ್ಲಿ ಹೊಸಕಿ ನೋಡಿ
ಇದು ಬದನೆ ಬೀಜ, ಅಂದಳು.
ಬಲಗಡೆ ಮಾತ್ರ ಗಡ್ಡ ಕೆರೆದುಕೊಂಡು
ಮದುವೆಯೊಂದಕ್ಕೆ ಹೋಗಿಬಂದೆ.
ಅಂತರಗಂಗೆ ಬೆಟ್ಟದಿಂದ ಗಾಳಿ ಇಳಿಯುವ ಹೊತ್ತು
ಮನೆಯೊಳಗೂ ಹೆಲ್ಮೆಟ್ಟು.

ಟಮಕದ ದೊಡ್ಡಾಸ್ಪತ್ರೆ, ನರಗಳ ವಿಭಾಗ, ಎಪ್ಪತ್ತೊಂದನೇ ಚೀಟಿ.
ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ. ಹತ್ತಿಯ ಎಳೆಯೊಂದರಿಂದ
ಕೆನ್ನೆ ಸವರಿದಳು, ನಾನು ಸ್ಟೂಲಿನಿಂದ ಎದ್ದುಬಿಟ್ಟೆ.
ಹಲ್ಲಲ್ಲ, ನರ, ಅಂದಳು.
ಆ ಎರಡು ಪದಕ್ಕೆ ಹದಿನಾಲ್ಕು ತಿಂಗಳು ಅಲೆದಿದ್ದೆ.
ಅತ್ತೆ ಅಂತ ಹೇಳಲು ನಾಚಿಕೆಯಿಲ್ಲ.
ಅಳುವುದಕ್ಕೂ ಬಾಯಿ ಸೊಟ್ಟ ಮಾಡಬೇಕು, ಅದೇ ಕಷ್ಟ.

ಹತ್ತಕ್ಕೆ ಎಷ್ಟು ನೋವು? ಕೇಳಿದಳು.
ಸವಾಲಿನಲ್ಲಿ ಮೊದಲ ಅಂಕಿ ಹೇಳಿದವನು ಕೆಟ್ಟ.
ಹತ್ತು ಅಂದರೆ ಸುಳ್ಳುಗಾರ, ಐದು ಅಂದರೆ ಸಾಗಹಾಕುತ್ತಾರೆ.
ಬಾಯಿ ತೆರೆಯದೆ, ಹೆಗಲ ಟವೆಲು ಅವಳ ಕೈಮೇಲೆ ಹೊದಿಸಿ,
ನಮ್ಮಪ್ಪ ದನದ ಸಂತೆಯಲ್ಲಿ ಮಾಡುತ್ತಿದ್ದ ಹಾಗೆ
ಒಳಗೊಳಗೇ ಬೆರಳು ಅದುಮಿದೆ.
ಅವಳು ಕೈ ಎಳೆದುಕೊಳ್ಳಲಿಲ್ಲ.
ಏಳು? ಅಂದಳು.
ಕಿರುಬೆರಳಿನ ನಡುಗೆಣ್ಣು ಹಿಡಿದೆ.
ಏಳೂವರೆ, ಅಂತ ಬರೆದುಕೊಂಡಳು.
ಬಸ್ಸಿನಲ್ಲಿ ಅಲುಮೇಲಮ್ಮ:
ಹೋಗಿ ಹೋಗಿ ಶನಿಯ ಲೆಕ್ಕಾನೇ ಕೊಟ್ಟು ಬಂದಿದ್ದೀಯ.

ಮಾತ್ರೆ ದಿನಕ್ಕೆ ಎರಡು, ಆಮೇಲೆ ಮೂರು.
ನೆಲ ತುಸು ತೇಲುತ್ತದೆ, ಹೆಸರುಗಳು ತಡವಾಗಿ ಬರುತ್ತವೆ.
ಕ್ರೇಟು ಹತ್ತಬೇಡಿ ಅಂದಿದ್ದಾರೆ.
ಚಲಪತಿ ಕೂಗುತ್ತಾನೆ, ನಾನು ಕೆಳಗೆ ಚೀಟಿ ಬರೆಯುತ್ತೇನೆ.
ಅವನು ಮೂವತ್ತನ್ನು ಬಿಡುವುದೇ ಇಲ್ಲ, ಜಿಪುಣ.

ಇವತ್ತು ಬೆಳಿಗ್ಗೆ ಟೀ ಮುಗಿಯುವ ತನಕ ಮಿಂಚು ಬರಲಿಲ್ಲ.
ಕ್ರೇಟುಗಳ ಹಿಂದೆ ನಿಂತು, ಮಫ್ಲರ್ ಸರಿಸಿ,
ಮೆಲ್ಲಗೆ ‘ಮೂ’ ಅಂದು
ಕಾದೆ.
ಚಲಪತಿ ತಿರುಗಿದ. ಏನಣ್ಣ?
ಏನಿಲ್ಲ. ಕೂಗು.