ಜಾಲರಿಯ ಮುಂದೆ

ರಿಜಿಸ್ಟರಿನಲ್ಲಿ ನನ್ನ ಹುದ್ದೆ ಹೆಲ್ಪರ್.
ಮಾಡುವುದು ಕಸ ತೆಗೆಯುವ ಕೆಲಸ.
ಬ್ಲಫಿನ ಮೇಲ್ಗಡೆ, ನಾಲೆ ಬಂದು ನಿಂತು
ಕೊಳವೆಯ ಬಾಯಿಗೆ ಬೀಳುವ ಜಾಗದಲ್ಲಿ
ಕಬ್ಬಿಣದ ಜಾಲರಿ. ಅದರ ಮುಂದೆ
ಉದ್ದ ಹಲ್ಲಿನ ಕುಂಟೆ ಹಿಡಿದು ನಾನು, ಕೆಂಪಮಾದು.
ಇಪ್ಪತ್ತಾರು ವರ್ಷ.

ಕೆಳಗೆ ಮಿಷನ್ನು ಗುಂಯ್‌ಗುಡುತ್ತದೆ.
ಅಲ್ಲಿದ್ದವರಿಗೆ ಗೋಡೆ ತುಂಬ ಮೀಟರು, ನಡುಗುವ ಮುಳ್ಳು.
ನನಗೆ ಕಾವೇರಿ ತಂದು ಒಪ್ಪಿಸಿದ್ದೆಲ್ಲ:
ಜೊಂಡು, ಅಂತರಗಂಗೆ, ಕಬ್ಬಿನ ತರಗು,
ಯಾರದೋ ತಿಥಿಯ ಬಾಳೆಎಲೆ,
ಸೊಪ್ಪಿನ ಜೊತೆ ಸುತ್ತಿಕೊಂಡ ಒಂಟಿ ಚಪ್ಪಲಿ.
ಚಪ್ಪಲಿಗಳನ್ನು ಶೆಡ್ಡಿನ ಮೊಳೆಗೆ ನೇತುಹಾಕಿದ್ದೇನೆ.
ಈವರೆಗೆ ಒಂದಕ್ಕೂ ಜೋಡಿ ಬಂದಿಲ್ಲ.

ಒಂದು ಶ್ರಾವಣದಲ್ಲಿ ತೊಟ್ಟಿಲು ಕಟ್ಟುವ ಸೀರೆ ಬಂತು,
ಗಂಟು ಹಾಗೇ ಇತ್ತು.
ಮೂರು ದಿನ ಕುಂಟೆ ಇಳಿಸುವಾಗೆಲ್ಲ
ಮಾದಪ್ಪ ಮಾದಪ್ಪ ಅಂದುಕೊಂಡೆ.
ಏನೂ ಬರಲಿಲ್ಲ.
ಸೀರೆ ಒಗೆದು ಒಣಗಿಸಿದೆ, ಆಮೇಲೆ ಏನು ಮಾಡಬೇಕೋ ತಿಳಿಯಲಿಲ್ಲ.

ಬೂದಿ ಮಾತ್ರ ನನ್ನ ಕೈಗೆ ಸಿಗುವುದಿಲ್ಲ.
ಮೇಲೆ ಪಶ್ಚಿಮವಾಹಿನಿಯಲ್ಲಿ ಬಿಟ್ಟದ್ದು
ಜಾಲರಿಯ ಸಂದಿನಲ್ಲಿ ಸಲೀಸಾಗಿ ನುಗ್ಗಿ
ಕೊಳವೆ ಇಳಿದು
ಚಕ್ರಕ್ಕೊಂದು ಕೈಕೊಟ್ಟು ಮುಂದೆ ಹೋಗುತ್ತದೆ.
ಯಾರ್ಯಾರ ಅಪ್ಪಂದಿರೋ.
ನನ್ನಪ್ಪನೂ, ಆ ಚೈತ್ರದ ಎರಡನೇ ಪಾಳಿಯಲ್ಲಿ.

ಹೊಸದಾಗಿ ಬಂದ ಶಬೀನಾ ಮೇಡಮ್ಮು ಕೇಳಿದರು:
"ಒಂದು ರಾತ್ರಿ ನೀವು ಮಲಗಿಬಿಟ್ಟರೆ ಏನಾಗುತ್ತೆ ಮಾದಣ್ಣ?"
"ನೀರು ಹಿಂದಕ್ಕೆ ನಿಲ್ತದೆ ತಾಯಿ,
ನಿಮ್ಮ ಮುಳ್ಳು ಕೆಳಕ್ಕಿಳೀತದೆ.
ಎಲ್ಲೋ ಒಬ್ಬ ಹುಡುಗ ಪುಸ್ತಕ ಮಡಚಿ ಮಲಗ್ತಾನೆ."
ಅವರು ನಗಲಿಲ್ಲ. ಕುಂಟೆ ಇಸಕೊಂಡು ಎತ್ತಿ ನೋಡಿದರು.
ಮೊಣಕಾಲೆತ್ತರಕ್ಕೂ ಬರಲಿಲ್ಲ.

ನಮ್ಮೂರು ಬೆಳಕವಾಡಿ.
ಹೆಸರಿನಲ್ಲೇ ಬೆಳಕು; ಕರೆಂಟು ಹೋದ ರಾತ್ರಿ
ಜಗಲಿಯ ಮೇಲೆ ಇದೇ ತಮಾಷೆ.
"ಏನ್ ಮಾದು, ನಾಲೆಗೆ ಕಸ ಕಟ್ಕತ್ತಾ?"
ತಂತಿ ನಮ್ಮ ಸೂರಿನ ಮೇಲೇ ಹಾದುಹೋಗುತ್ತದೆ,
ಇಳಿಯುವುದು ಬೇರೆಲ್ಲೋ.
ದೊಡ್ಡವರ ಮದುವೆ ದಿಬ್ಬಣದ ಹಾಗೆ.

ರಾತ್ರಿಪಾಳಿ ಮುಗಿಸಿ ಬಂದರೆ ಇನ್ನೂ ನಸುಗತ್ತಲು.
ಗೋಡೆ ತಡವಿ ಕೈ ಚಾಚುತ್ತೇನೆ.
ಒಲೆ ಮುಂದಿನಿಂದ ದುಂಡಮ್ಮ ಗದರುತ್ತಾಳೆ:
"ಒದ್ದೆ ಕೈಲಿ ಸ್ವಿಚ್ ಮುಟ್‌ಬ್ಯಾಡ, ಹೊಡೀತದೆ."
ಪಂಚೆಗೆ ಒರೆಸಿಕೊಳ್ಳುತ್ತೇನೆ.
ಇಪ್ಪತ್ತಾರು ವರ್ಷದ ನೀರು, ಎಲ್ಲಿ ಆರುತ್ತದೆ.
ಅವಳೇ ಎದ್ದು ಬಂದು,
ಎರಡೂ ಕೈಗೆ ರೊಟ್ಟಿ ಹಿಟ್ಟು,
ಮೊಣಕೈಯಿಂದ ಒತ್ತುತ್ತಾಳೆ.