ನಾಯಿಕೊಡೆ

ತಿಪ್ಪಿ ಮ್ಯಾಲಿನ ನಾಯಿಕೊಡೆ ಕಿತ್ತಿದ್ದಕ್ಕ
ಶೇಕಮ್ಮಕ್ಕ ಒಮ್ಮೆ ನನ್ನ ಕೈಗೆ ಬಾರಿಸಿದ್ದಳು:
"ವಿಷ ಐತಿ, ತೊಳಕೊ."

ಈಗ ಕೌಲ್ ಬಜಾರಿನ ಬಾಡಿಗಿ ಕೋಣಿಯೊಳಗ,
ಜೀನ್ಸಿಗೆ ಜಿಪ್ ಹಚ್ಚೋ ಮಿಷನ್ನಿನ ಪಕ್ಕ
ಅದರ ಬಳಗದ್ದೇ ಒಂದು ಅಣಬಿ, ಪುಡಿಯಾಗಿ.
ಅರವತ್ತು ಕ್ಯಾಪ್ಸೂಲು, ಎರಡು ಸಾವಿರದ ನಾನೂರು.
ಡಬ್ಬಿ ಮ್ಯಾಲಿನ "ರೋಗನಿರೋಧಕ"ವ
ಅಕ್ಷರ ಕೂಡಿಸಿ ಕೂಡಿಸಿ ಓದತಾಳ,
ಹರಕಿ ಹೊತ್ತವರಂಗ.

ಮೂರನೇ ಕೀಮೋದ ದಿನ ಡಾಕ್ಟ್ರು ಕೇಳಿದರು:
ಬ್ಯಾರೆ ಏನಾದ್ರೂ ತಗೊಳ್ತೀರೇನು?
ಇಲ್ಲ, ಅಂದಳು.
ಸೆರಗಿನ ಗಂಟಿನಾಗ ಎರಡಿದ್ದವು.
ನನಗ ಗೊತ್ತಿತ್ತು. ಗೊತ್ತಿದ್ದೂ
ಗ್ವಾಡಿ ಮ್ಯಾಲಿನ ಗಡಿಯಾರ ನೋಡಿದೆ.

ಆಟೋ ಹತ್ತರ ತನಕ ಬಂದು
ಬಿಸಿಲಾಗ ನಿಂತು ತಾನೇ ತಿರುಗಿದಳು.
ಗಂಟು ಬಿಚ್ಚಿ ಮೇಜಿನ ಮ್ಯಾಲಿಟ್ಟಳು.
ಅವರು ಬೈಯಲಿಲ್ಲ. ಬೆರಳಿಂದ ಹೊರಳಿಸಿ ನೋಡಿ,
ಡಬ್ಬಿ ತರ್ರಿ, ಅಂದರು,
ಲಿವರಿನ ರಿಪೋರ್ಟ್ ಬರೋ ತನಕ ಬ್ಯಾಡ.

ಡಬ್ಬಿ ತೋರಿಸಿ ತಂದದ್ದಾತು. ಮಾಡದಾಗ ಐತಿ.
ರಾತ್ರಿ, ಹಲ್ಲಿಂದ ದಾರ ಕಡೀತಾ ಕೇಳತಾಳ:
"ಇದು ಯಾರ ತಿಪ್ಪಿ ಮ್ಯಾಲೆ ಎದ್ದಿತ್ತೋ, ತಮ್ಮಾ?"
ಕೈಯಾಗ ನೀಲಿ ಬಣ್ಣ, ತೊಳೆದರೂ ಹೋಗದ್ದು.
ಎದ್ದು ಡಬ್ಬಿ ಅಲುಗಿಸತಾಳ.
ಎಣಿಸತಾಳ.
ಮೂವತ್ತೊಂದು.